ಸಿಬಿ (ಮಿಶ್ರತಳಿ) ರೇಷ್ಮೆ ಗೂಡಿನ ಚಿಟ್ಟೆಯಿಂದ ಮೊಟ್ಟೆ ಇಡಿಸಿದರೆ ಬೆಳೆ ಏಕೆ ಕೆಡುತ್ತದೆ? ವರ್ಣತಂತುಗಳ ಲೆಕ್ಕ ಗೊತ್ತಿದ್ದವರು ಹೇಳಿ

ಸೊಪ್ಪಿನತೋಟ:
ಮೈಸೂರು ತಳಿ ಹೆಣ್ಣಿಗೆ ಸಿಎಸ್‌ಆರ್2 ಎಂಬ ದ್ವಿತಳಿಯ (ವರ್ಷಕ್ಕೆ ಎರಡು ಪೀಳಿಗೆ ಕೊಡುವ ತಳಿ) ಗಂಡು ಕೂಡಿಸಿದ ಸಿಬಿ ಮೊಟ್ಟೆಯ ಹುಳು ಒಟ್ಟಿಗೆ ಜ್ವರಕ್ಕೆ (ಪೊರೆ ಬಿಡಲು) ಕೂರುತ್ತವೆ, ಒಟ್ಟಿಗೆ ಏಳುತ್ತವೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಣ್ಣಾಗುತ್ತವೆ (ಗೂಡು ಕಟ್ಟಲು ಸಿದ್ಧವಾಗುತ್ತವೆ). ಆ ಬೆಳೆಯಲ್ಲೇ ದಪ್ಪ ಗೂಡು ಆರಿಸಿಟ್ಟು, ಚಿಟ್ಟೆ ಹೊರಬಂದ ಮೇಲೆ ಮೊಟ್ಟೆ ಇಡಿಸಿದರೆ ಮುಂದಿನ ಬೆಳೆ ಎಕ್ಕುಟ್ಟಿ ಹೋಗುತ್ತದೆ ಅನ್ನುತ್ತಾರೆ. ರಾಗಿಯಲ್ಲಿ ಒಳ್ಳೆ ತೆನೆ ಆರಿಸಿ ಬಿತ್ತನೆಗೆ ಇಡುತ್ತೇವಲ್ಲ, ಇಲ್ಲಿ ಯಾಕೆ ಆಗದು? "ರಕ್ತ ತೆಳುವಾಗುತ್ತೆ" ಅನ್ನೋ ಉತ್ತರ ಬೇಡ. ಒಳಗೆ ಏನಾಗುತ್ತದೆ ಅಂತ ಬಿಡಿಸಿ ಹೇಳಿ.

ಕೋಠಿಮೇಜು:
ರಕ್ತ ತೆಳುವಾಗುವುದಿಲ್ಲ, ಇಸ್ಪೀಟಿನ ಎಲೆ ಕಲಸಿಹೋಗುತ್ತದೆ. ರೇಷ್ಮೆಹುಳದ ಜೀವಕೋಶದಲ್ಲಿ ವರ್ಣತಂತುಗಳು 28 ಜೊತೆ, ಒಟ್ಟು 56. ಪ್ರತಿ ಜೊತೆಯಲ್ಲಿ ಒಂದು ತಾಯಿ ಕೊಟ್ಟಿದ್ದು, ಇನ್ನೊಂದು ತಂದೆ ಕೊಟ್ಟಿದ್ದು. ಶುದ್ಧ ಮೈಸೂರು ತಳಿಯನ್ನು ತಲೆತಲಾಂತರದಿಂದ ತನ್ನೊಳಗೇ ಬೆಳೆಸಿರುವುದರಿಂದ ಜೊತೆಯ ಎರಡೂ ತಂತುಗಳು ಬಹುಪಾಲು ಒಂದೇ ಥರ. ಅದನ್ನು 'ಮೈಮೈ' ಎಂದು ಬರೆದುಕೊಳ್ಳಿ. ಸಿಎಸ್‌ಆರ್2 ಹಾಗೇ 'ಸಿಸಿ'. ಇವೆರಡನ್ನು ಕೂಡಿಸಿದಾಗ ಹುಟ್ಟುವ ಪ್ರತಿ ಮರಿಯೂ 28 ಜೊತೆಯಲ್ಲೂ 'ಮೈಸಿ'. ಒಂದು ಹುಳ ನೋಡಿದರೆ ಸಾವಿರ ಹುಳ ನೋಡಿದ ಹಾಗೆ. ನಿಮ್ಮ ಸಿಬಿ ಬೆಳೆ ಸಮನಾಗಿ ಏಳುವುದು ಇದಕ್ಕೇ.

ಈಗ ಆ ಸಿಬಿ ಚಿಟ್ಟೆ ತಾನು ಮೊಟ್ಟೆಯನ್ನೋ ವೀರ್ಯಾಣುವನ್ನೋ ಮಾಡುವಾಗ ಜೊತೆ ಬಿಡಿಸಬೇಕು. ಪ್ರತಿ ಜೊತೆಯಿಂದ ಒಂದೇ ತಂತು ಹೋಗುತ್ತದೆ. ಯಾವುದು ಹೋಗುತ್ತದೆ ಎಂಬುದಕ್ಕೆ ನಿಯಮವಿಲ್ಲ, ನಾಣ್ಯ ಚಿಮ್ಮಿದ ಹಾಗೆ. 28 ಸಲ ಚಿಮ್ಮಿದರೆ 26,84,35,456 ಬಗೆಯ ಜೋಡಣೆ ಸಾಧ್ಯ. ಗಂಡಿನ ಕಡೆಯಿಂದಲೂ ಅಷ್ಟೇ ಬಗೆ. ಹುಟ್ಟುವ ಮರಿಗಳಲ್ಲಿ, ಯಾವ ಜೊತೆ ತೆಗೆದುಕೊಂಡರೂ ಕಾಲು ಭಾಗ 'ಮೈಮೈ', ಅರ್ಧ 'ಮೈಸಿ', ಕಾಲು 'ಸಿಸಿ'. 28 ಜೊತೆಯೂ 'ಮೈಸಿ' ಆಗಿಯೇ ಉಳಿದ ಮರಿ ನಿಮ್ಮ ಮನೆಯಲ್ಲಿ ಹುಟ್ಟುವ ಸಂಭವ ಇಲ್ಲವೆಂದೇ ಹೇಳಬೇಕು.

ದಪ್ಪ ಗೂಡು ಆರಿಸುವ ಮಾತಿಗೆ: ಸಿಬಿ ಬೆಳೆಯಲ್ಲಿ ಎಲ್ಲ ಹುಳಗಳ ಜೋಡಣೆ ಒಂದೇ ಅಂದೆನಲ್ಲ. ಹಾಗಾದರೆ ದಪ್ಪ ಗೂಡಿಗೂ ಸಣ್ಣ ಗೂಡಿಗೂ ವ್ಯತ್ಯಾಸ ಎಲ್ಲಿಂದ ಬಂತು? ಸೊಪ್ಪಿನಿಂದ, ತಟ್ಟೆಯ ಮೂಲೆಯಿಂದ, ಗಾಳಿಯಿಂದ. ಅದು ಮೊಟ್ಟೆಗೆ ಇಳಿಯುವುದಿಲ್ಲ. ನೀವು ಆರಿಸಿದ್ದು ಒಳ್ಳೆಯ ತಟ್ಟೆಯನ್ನು, ಒಳ್ಳೆಯ ತಳಿಯನ್ನಲ್ಲ.

ಸೊಪ್ಪಿನತೋಟ:
ಕೊನೆಯ ಮಾತು ಹೊಳೆದೇ ಇರಲಿಲ್ಲ ಸರ್. ಸರಿ, ಅರ್ಧ ಹುಳು ಇನ್ನೂ 'ಮೈಸಿ' ಅಲ್ಲವೇ? ಅರ್ಧ ಬೆಳೆಯಾದರೂ ಸಿಗಬೇಕಲ್ಲ?

ಕೋಠಿಮೇಜು:
ಅರ್ಧ ಹುಳು ಅಲ್ಲ, ಪ್ರತಿ ಹುಳದಲ್ಲಿ ಸರಾಸರಿ ಅರ್ಧ ಜೊತೆಗಳು. ಈ ಎರಡನ್ನು ಬೆರೆಸಬೇಡಿ. ಮಿಶ್ರತಳಿಯ ಹುರುಪು ಬರುವುದೇ ಬೇರೆಬೇರೆ ತಂತು ಜೊತೆಯಾಗಿರುವುದರಿಂದ: ಒಂದು ತಳಿಯ ಜೀನಿನ ದೋಷವನ್ನು ಇನ್ನೊಂದರ ಜೀನ್ ಮುಚ್ಚುತ್ತದೆ. ತಂದೆತಾಯಿಗಳ ಸರಾಸರಿಗಿಂತ ಸಿಬಿ ಶೇಕಡಾ 20 ಹೆಚ್ಚು ಕೊಟ್ಟಿತು ಎಂದಿಟ್ಟುಕೊಂಡರೆ ಮುಂದಿನ ಪೀಳಿಗೆಯಲ್ಲಿ ಆ ಹೆಚ್ಚುವರಿ ಸುಮಾರು 10ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದು ಅಂಥ ನಷ್ಟ ಅನ್ನಿಸುವುದಿಲ್ಲ. ಮನೆಯಲ್ಲಿ ಕೆಡಿಸುವುದು ಸರಾಸರಿಯಲ್ಲ, ಏರುಪೇರು.

ಮೈಸೂರು ತಳಿಯ ಹುಳುವಿನ ಅವಧಿ ದ್ವಿತಳಿಗಿಂತ ಉದ್ದ, ಮೂರ್ನಾಲ್ಕು ದಿನ ಹೆಚ್ಚು. ಕಲಸಿಹೋದ ಪೀಳಿಗೆಯಲ್ಲಿ ಒಂದೇ ತಟ್ಟೆಯಲ್ಲಿ ಬೇಗ ಬೆಳೆಯುವವೂ ನಿಧಾನದವೂ ಇರುತ್ತವೆ. ಎರಡನೇ ಜ್ವರದಲ್ಲೇ ಅದು ಕಣ್ಣಿಗೆ ಬೀಳುತ್ತದೆ. ಕೆಲವು ಕೂತಿವೆ, ಕೆಲವು ತಿನ್ನುತ್ತಿವೆ. ಸೊಪ್ಪು ಹಾಕಿದರೆ ಕೂತ ಹುಳು ಸೊಪ್ಪಿನಡಿ ಸಿಕ್ಕಿ ಹಾಸಿಗೆ ತೇವವಾಗುತ್ತದೆ. ನಿಲ್ಲಿಸಿದರೆ ತಿನ್ನುವ ಹುಳು ಹಸಿದು ಸೊರಗುತ್ತದೆ. ಎರಡೂ ದಾರಿ ಸಪ್ಪೆ ರೋಗಕ್ಕೇ ಹೋಗುತ್ತವೆ. ನಾಲ್ಕನೇ ಜ್ವರ ದಾಟುವ ಹೊತ್ತಿಗೆ ಹಿಂದೆ ಬಿದ್ದವನ್ನು ಆರಿಸಿ ಎಸೆಯಬೇಕಾಗುತ್ತದೆ. ಹಣ್ಣು ಹುಳು ಮೂರ್ನಾಲ್ಕು ದಿನ ಎಳೆಯುತ್ತದೆ, ಗೂಡು ಕಟ್ಟಿಸುವ ಚಂದ್ರಂಕಿ ಖಾಲಿಯಾಗುವುದಿಲ್ಲ.

ನೂಲು ಬಿಚ್ಚುವವರಿಗೆ ಇನ್ನೂ ಕಷ್ಟ. ದ್ವಿತಳಿ ಗೂಡಿನ ಎಳೆ ಸಾವಿರ ಮೀಟರ್ ಆಸುಪಾಸು, ಮೈಸೂರು ತಳಿಯದು ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಲಾಟಿನಲ್ಲಿ ಈ ಎರಡರ ನಡುವಿನ ಎಲ್ಲ ಉದ್ದವೂ ಇದ್ದರೆ ಎಳೆ ಕಡಿಯುತ್ತಲೇ ಇರುತ್ತದೆ.

ಕೆಂಪುಮಣ್ಣು:
ರಾಗಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ರಾಗಿಯ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಸ್ವಂತ ಪರಾಗದಲ್ಲಿ ಪ್ರತಿ ಪೀಳಿಗೆಗೂ ಬೇರೆಬೇರೆಯಾಗಿದ್ದ ಜೊತೆಗಳ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ: 100, 50, 25, 12.5, 6.25, 3.125. ಆರನೇ ಪೀಳಿಗೆಗೆ ತಳಿ ಹೆಚ್ಚುಕಡಿಮೆ ನೆಲೆನಿಂತ ಹಾಗೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯನವರು ಮಾಡಿದ ಇಂಡಾಫ್ ರಾಗಿಗಳು ಕೂಡ ಸಂಕರದಿಂದ ಬಂದವೇ, ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿದ್ದು, ಹೆಸರಲ್ಲೇ ಇದೆ. ಆದರೆ ರೈತನ ಕೈಗೆ ಕೊಟ್ಟದ್ದು ಮೊದಲ ಪೀಳಿಗೆಯನ್ನಲ್ಲ. ಹಲವು ಪೀಳಿಗೆ ಆರಿಸಿ, ಕಲಸಾಟ ಮುಗಿದು ನೆಲೆನಿಂತ ಮೇಲೆ ಕೊಟ್ಟದ್ದು. ಅದಕ್ಕೇ ತೆನೆ ಆರಿಸಿಟ್ಟರೂ ಅದೇ ರಾಗಿ ಬರುತ್ತದೆ. ನಿಮ್ಮ ಸಿಬಿ ಮೊಟ್ಟೆಯನ್ನು ಹೋಲಿಸಬೇಕಾದ್ದು ಹೈಬ್ರಿಡ್ ಮುಸುಕಿನ ಜೋಳಕ್ಕೆ, ರಾಗಿಗಲ್ಲ.

ರೇಷ್ಮೆಯಲ್ಲಿ ಸ್ವಂತ ಪರಾಗ ಇಲ್ಲ. ಅಣ್ಣತಂಗಿಯನ್ನು ಕೂಡಿಸುತ್ತ ಹೋದರೆ 100, 50, 50, 37.5, 31.25. ಇಳಿಯುವುದು ನಿಧಾನ, ನೆಲೆನಿಲ್ಲಲು ಹತ್ತಾರು ಪೀಳಿಗೆ ಬೇಕು.

ಜೀವಶಾಸ್ತ್ರಮೇಷ್ಟ್ರು:
ಗೂಡಿನ ಬಣ್ಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಮೆಂಡಲ್ ಬಟಾಣಿಯಲ್ಲಿ ಕಂಡ ನಿಯಮ ಕೀಟಗಳಿಗೂ ಸಲ್ಲುತ್ತದೆ ಎಂದು ಜಪಾನಿನ ತೊಯಾಮ ಕಾಮೆತಾರೊ 1906ರಲ್ಲಿ ತೋರಿಸಿದ್ದು ರೇಷ್ಮೆಹುಳದಲ್ಲೇ. ಮೊದಲ ಪೀಳಿಗೆಯ ಮಿಶ್ರತಳಿಯನ್ನೇ ರೈತರಿಗೆ ಕೊಡಬೇಕು ಎಂದು ಪಟ್ಟು ಹಿಡಿದವರೂ ಅವರೇ.

ಹಳದಿ ಗೂಡಿಗೆ ಎರಡು ಜೀನ್ ಬೇಕು. ಎರಡನೇ ವರ್ಣತಂತುವಿನಲ್ಲಿರುವ ವೈ ಜೀನ್ ಸೊಪ್ಪಿನ ಹಳದಿ ಬಣ್ಣವನ್ನು ಕರುಳಿನಿಂದ ರಕ್ತಕ್ಕೆ ತರುತ್ತದೆ. ಹನ್ನೆರಡನೆಯದರಲ್ಲಿರುವ ಸಿ ಜೀನ್ ಅದನ್ನು ರಕ್ತದಿಂದ ರೇಷ್ಮೆ ಗ್ರಂಥಿಯೊಳಗೆ ಬಿಡುತ್ತದೆ. ಒಂದು ಬಾಗಿಲು ಮುಚ್ಚಿದ್ದರೂ ಗೂಡು ಬಿಳಿ. ಎರಡೂ ಇರುವ ಹಳದಿ ತಳಿಗೆ ಎರಡೂ ಇಲ್ಲದ ಬಿಳಿ ತಳಿ ಕೂಡಿಸಿದರೆ ಮೊದಲ ಪೀಳಿಗೆ ಪೂರ್ತಿ ಹಳದಿ. ಅವುಗಳ ಮಕ್ಕಳಲ್ಲಿ ಎರಡೂ ಪ್ರಬಲ ಜೀನ್ ಸಿಕ್ಕವು 16ರಲ್ಲಿ 9, ಒಂದು ಮಾತ್ರ ಸಿಕ್ಕವು 3 ಮತ್ತು 3, ಏನೂ ಸಿಗದ್ದು 1. ಅಂದರೆ 9 ಹಳದಿಗೆ 7 ಬಿಳಿ. ಬಿಳಿ ಗೂಡಿನಲ್ಲೂ ಕೆಲವು ಹುಳದ ರಕ್ತ ಹಳದಿಯೇ ಇರುತ್ತದೆ. ಹುಳುವಿನ ಐದನೇ ಹಂತದಲ್ಲಿ (ನಾಲ್ಕನೇ ಜ್ವರ ದಾಟಿದ ಮೇಲೆ) ಹೊಟ್ಟೆಯ ಕಾಲಿನ ತುದಿ ಸೂಜಿಯಿಂದ ಚುಚ್ಚಿದರೆ ಬರುವ ಹನಿಯಲ್ಲಿ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಮೈಸೂರು ತಳಿಯ ಗೂಡು ಬರೀ ಹಳದಿಯಲ್ಲ, ಹಸಿರು ಮಿಶ್ರ. ಹಸಿರಿಗೆ ಬೇರೆ ಜೀನುಗಳಿವೆ. ಆದ್ದರಿಂದ ಸಿಬಿಯ ಮಕ್ಕಳಲ್ಲಿ ಅಚ್ಚುಕಟ್ಟಾಗಿ 9:7 ಬರಲಿಲ್ಲ ಎಂದು ಮೆಂಡಲ್‌ನನ್ನು ಬೈಯಬೇಡಿ.

ಹೊಸಚಾಕಿ:
ಒಂದು ಅನುಮಾನ. ಯಾವಾಗಲೂ ಮೈಸೂರು ಹೆಣ್ಣು, ಸಿಎಸ್‌ಆರ್2 ಗಂಡು ಅಂತಲೇ ಯಾಕೆ? ಉಲ್ಟಾ ಮಾಡಿದರೂ 'ಮೈಸಿ' ತಾನೆ?

ಕೋಠಿಮೇಜು:
ಒಳ್ಳೆ ಪ್ರಶ್ನೆ. ಮರಿಯ ಜೋಡಣೆ ಒಂದೇ ಆದರೂ ಮೊಟ್ಟೆ ಒಂದೇ ಅಲ್ಲ. ಮೊಟ್ಟೆ ನಿದ್ರೆಗೆ ಹೋಗಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆಯೊಳಗಿನ ಮರಿಯಲ್ಲ, ತಾಯಿ. ತಾಯಿ ಗೂಡಿನೊಳಗೆ ಕೋಶವಾಗಿದ್ದಾಗ (ಪ್ಯೂಪಾ) ಅವಳ ನರಗಂಟಿನಿಂದ ಹೊರಡುವ ಹಾರ್ಮೋನು ಬೆಳೆಯುತ್ತಿರುವ ಮೊಟ್ಟೆಗೆ ಸೇರಿದರೆ ನಿದ್ರೆ. ಮೈಸೂರು ತಳಿ ಬಹುತಳಿ (ವರ್ಷಕ್ಕೆ ಹಲವು ಪೀಳಿಗೆ ಕೊಡುವುದು), ಅವಳ ಮೊಟ್ಟೆ ನಿದ್ರೆಗೆ ಹೋಗುವುದಿಲ್ಲ. 25 ಡಿಗ್ರಿಯಲ್ಲಿ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ಗಂಡು ಯಾವುದಾದರೂ ಆಗಲಿ, ಲೆಕ್ಕಕ್ಕಿಲ್ಲ.

ಉಲ್ಟಾ ಮಾಡಿದರೆ ತಾಯಿ ದ್ವಿತಳಿ, ಮೊಟ್ಟೆ ಎರಡು ಮೂರು ದಿನಕ್ಕೆ ಕಂದಾಗಿ ಬೂದಿಯಾಗಿ ಮಲಗುತ್ತದೆ. ಅದನ್ನು ಎಬ್ಬಿಸಲು ಆಮ್ಲ ಬೇಕು. ಬಿಸಿ ಆಮ್ಲದ ವಿಧಾನ: 25 ಡಿಗ್ರಿಯಲ್ಲಿ ಸುಮಾರು 20 ಗಂಟೆ ವಯಸ್ಸಾದ ಮೊಟ್ಟೆ, ಸಾಪೇಕ್ಷ ಸಾಂದ್ರತೆ 1.075ರ ಹೈಡ್ರೋಕ್ಲೋರಿಕ್ ಆಮ್ಲ, 46.1 ಡಿಗ್ರಿ, ಐದು ನಿಮಿಷದ ಆಸುಪಾಸು. ಆಮ್ಲ ಮೊಟ್ಟೆಯ ಅಂಟನ್ನು ಕರಗಿಸುತ್ತದೆ, ಮೊಟ್ಟೆ ಇಡಿಸಿದ ಹಾಳೆಯಿಂದ ಅದು ಉದುರಿಬಿಡುತ್ತದೆ. ಹಾಳೆಯಲ್ಲೇ ಉಳಿಯಬೇಕಿದ್ದರೆ ಮೊದಲೇ ಶೇಕಡಾ 2ರ ಫಾರ್ಮಲಿನ್‌ನಲ್ಲಿ ಅದ್ದಬೇಕು. ಆಮೇಲೆ ನೀಲಿ ಲಿಟ್ಮಸ್ ಕೆಂಪಾಗದವರೆಗೆ ಹರಿಯುವ ನೀರಿನಲ್ಲಿ ತೊಳೆಯಬೇಕು. ಹೊತ್ತು ಕಡಿಮೆಯಾದರೆ ಹಿಂದುಮುಂದಾಗಿ ಒಡೆಯುತ್ತದೆ, ಹೆಚ್ಚಾದರೆ ಮರಿ ಸಾಯುತ್ತದೆ. ಲಕ್ಷಗಟ್ಟಲೆ ಹಾಳೆಗೆ ಈ ರಗಳೆ ಯಾಕೆಂದು ಹೆಣ್ಣು ಮೈಸೂರು ತಳಿಯದೇ.

ನೀವು ಸಿಬಿ ಚಿಟ್ಟೆಯಿಂದ ಮೊಟ್ಟೆ ಇಡಿಸಿದರೆ ಇಲ್ಲೂ ಹದ ತಪ್ಪುತ್ತದೆ. ಕೆಲವು ತಾಯಂದಿರ ಮೊಟ್ಟೆ ಹಳದಿಯಾಗೇ ಉಳಿದು ಒಡೆದರೆ, ಕೆಲವರದು ಕಪ್ಪಾಗಿ ಮಲಗಬಹುದು.

ಜೀವಶಾಸ್ತ್ರಮೇಷ್ಟ್ರು:
ಕೋಠಿಮೇಜು ಸರ್ ಮಾತಿಗೆ ಒಂದು ಸೇರಿಸುತ್ತೇನೆ, ಒಂದು ತಿದ್ದುತ್ತೇನೆ.

ಸೇರಿಸುವುದು ಲಿಂಗದ ತಂತುಗಳ ವಿಷಯ. ನಮ್ಮಲ್ಲಿ ಗಂಡು ಎಕ್ಸ್‌ವೈ, ಹೆಣ್ಣು ಎಕ್ಸ್‌ಎಕ್ಸ್. ರೇಷ್ಮೆಯಲ್ಲಿ ತಿರುಗಾಮುರುಗ: ಗಂಡು ಝಡ್‌ಝಡ್, ಹೆಣ್ಣು ಝಡ್‌ಡಬ್ಲ್ಯು. ಮರಿ ಗಂಡೋ ಹೆಣ್ಣೋ ಎಂಬುದು ತಾಯಿ ಕೊಡುವ ತಂತುವಿನ ಮೇಲೆ. ಡಬ್ಲ್ಯು ಇದ್ದರೆ ಹೆಣ್ಣು. ಝಡ್ ಎರಡಿದ್ದು ಜೊತೆಗೆ ಡಬ್ಲ್ಯು ಇದ್ದರೂ ಹೆಣ್ಣೇ. ಮಗಳಿಗೆ ಝಡ್ ಬರುವುದು ತಂದೆಯಿಂದ ಮಾತ್ರ. ಆದ್ದರಿಂದ ಸಿಬಿಯ ಹೆಣ್ಣುಮಕ್ಕಳೆಲ್ಲರ ಝಡ್ ಸಿಎಸ್‌ಆರ್2ರದು. ಉಲ್ಟಾ ಕೂಡಿಸಿದರೆ ಮೈಸೂರಿನದು. ನಿದ್ರೆಗೂ ಬೆಳವಣಿಗೆಯ ವೇಗಕ್ಕೂ ಸಂಬಂಧಿಸಿದ ಒಂದು ಮುಖ್ಯ ಜೀನು ಝಡ್ ಮೇಲೇ ಕೂತಿದೆ. ಹಾಗಾಗಿ "ಉಲ್ಟಾ ಮಾಡಿದರೂ ಮೈಸಿ ತಾನೆ" ಅನ್ನುವುದು 27 ಜೊತೆಗೆ ನಿಜ, ಇಪ್ಪತ್ತೆಂಟನೆಯದಕ್ಕೆ ಹೆಣ್ಣಿನಲ್ಲಿ ನಿಜವಲ್ಲ.

ತಿದ್ದುವುದು 26 ಕೋಟಿಯ ಲೆಕ್ಕ. ಅದು ಇಡೀ ತಂತು ಇಡಿಯಾಗಿಯೇ ಹೋದರೆ ಮಾತ್ರ ಸರಿ. ರೇಷ್ಮೆ ಹೆಣ್ಣಿನಲ್ಲಿ ಹಾಗೇ ಆಗುತ್ತದೆ, ಜೊತೆ ತಂತುಗಳು ಒಂದಕ್ಕೊಂದು ತುಂಡು ಬದಲಾಯಿಸಿಕೊಳ್ಳುವುದಿಲ್ಲ. ಗಂಡಿನಲ್ಲಿ ಬದಲಾಯಿಸಿಕೊಳ್ಳುತ್ತವೆ, ಅಲ್ಲಿ ಬಗೆಗಳ ಸಂಖ್ಯೆ ಇನ್ನೂ ದೊಡ್ಡದು. ತಳಿ ಅಭಿವೃದ್ಧಿ ಮಾಡುವವರಿಗೆ ಇದು ಕೆಲಸಕ್ಕೆ ಬರುವ ಮಾತು: ಒಂದೇ ತಂತುವಿನ ಒಳ್ಳೆ ಜೀನಿನ ಪಕ್ಕದ ಕೆಟ್ಟ ಜೀನನ್ನು ಬಿಡಿಸಬೇಕಿದ್ದರೆ ಮಿಶ್ರ ಪೀಳಿಗೆಯ ಗಂಡನ್ನು ಬಳಸಬೇಕು. ಹೆಣ್ಣನ್ನು ಬಳಸಿ ಎಷ್ಟು ವರ್ಷ ಕಾದರೂ ಅವೆರಡು ಅಂಟಿಕೊಂಡೇ ಬರುತ್ತವೆ.

ಸೊಪ್ಪಿನತೋಟ:
ಇಷ್ಟೆಲ್ಲ ಸರಿ. ಆದರೆ ಎಫ್‌ಸಿ1 × ಎಫ್‌ಸಿ2 ದ್ವಿತಳಿ ಮೊಟ್ಟೆ ಕೊಡುತ್ತಾರಲ್ಲ, ಅದರ ತಂದೆತಾಯಿ ಎರಡೂ ಮಿಶ್ರತಳಿಯೇ. ಅಲ್ಲಿ ಎಲೆ ಕಲಸಿಹೋಗುವುದಿಲ್ಲವೇ?

ಕೋಠಿಮೇಜು:
ಹೋಗುತ್ತದೆ. ಆದರೆ ಯಾವ ಕಟ್ಟಿನ ಎಲೆ ಯಾವುದಕ್ಕೆ ಎದುರು ಕೂರುತ್ತದೆ ಎಂಬುದನ್ನು ಮೊದಲೇ ಕಟ್ಟಿಹಾಕಿದ್ದಾರೆ. ಎಫ್‌ಸಿ1 ಅಂದರೆ ಸಿಎಸ್‌ಆರ್6 × ಸಿಎಸ್‌ಆರ್26, ಎರಡೂ ನಡು ಸಣ್ಣಗಿರುವ ಕಡಲೆಕಾಯಿ ಆಕಾರದ ಗೂಡಿನವು. ಎಫ್‌ಸಿ2 ಅಂದರೆ ಸಿಎಸ್‌ಆರ್2 × ಸಿಎಸ್‌ಆರ್27, ಎರಡೂ ಅಂಡಾಕಾರದವು. ಎಫ್‌ಸಿ1 ಚಿಟ್ಟೆ 6ರ ತಂತು ಕೊಡಲಿ, 26ರದ್ದು ಕೊಡಲಿ, ಅದು ಕಡಲೆಕಾಯಿ ಗುಂಪಿನದೇ. ಎದುರಿಗೆ ಬಂದು ಕೂರುವುದು ಅಂಡಾಕಾರದ ಗುಂಪಿನದು. ಹಾಗಾಗಿ 28 ಜೊತೆಯಲ್ಲೂ ಎರಡು ಗುಂಪು ಬೇರೆಬೇರೆಯಾಗಿಯೇ ಇರುತ್ತವೆ, ಹುರುಪು ಉಳಿಯುತ್ತದೆ. ಒಡಹುಟ್ಟಿದವುಗಳಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ, ಆದರೆ ಒಂದೇ ಗುಂಪಿನೊಳಗಿನ ವ್ಯತ್ಯಾಸ, ತಡೆದುಕೊಳ್ಳಬಹುದು. ಲಾಭ ಏನೆಂದರೆ ತಾಯಿಯೇ ಮಿಶ್ರತಳಿ, ಗಟ್ಟಿಮುಟ್ಟು. ಬಿತ್ತನೆ ಗೂಡು ಬೆಳೆಯುವವನಿಗೂ ಸುಲಭ, ಚಿಟ್ಟೆ ಇಡುವ ಮೊಟ್ಟೆಯೂ ಹೆಚ್ಚು.

ಎಫ್‌ಸಿ1 × ಎಫ್‌ಸಿ2 ಬೆಳೆಯ ಗೂಡಿನಿಂದ ಮತ್ತೆ ಮೊಟ್ಟೆ ಇಡಿಸಿದರೆ ಮಾತ್ರ ಈ ಕಟ್ಟು ಬಿಚ್ಚಿಹೋಗುತ್ತದೆ. ಅಲ್ಲಿಗೆ ನಿಮ್ಮ ಸಿಬಿ ಕಥೆಯೇ.

ಇನ್ನೊಂದು ಮಾತು. ಕೋಠಿಯಲ್ಲಿ (ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ) ಇದನ್ನೆಲ್ಲ ಹಾಳುಮಾಡುವುದು ಹೆಣ್ಣುಗಂಡು ಬೇರ್ಪಡಿಸುವಾಗಿನ ತಪ್ಪು. ಕೋಶದ ಹೊಟ್ಟೆಯ ಕಡೆ ತಿರುಗಿಸಿ ನೋಡಬೇಕು: ಹೆಣ್ಣಿನ ಎಂಟನೇ ಖಂಡದಲ್ಲಿ ಗುಣಾಕಾರದ ಗುರುತಿನಂಥ ಗೆರೆ, ಗಂಡಿನ ಒಂಬತ್ತನೆಯದರಲ್ಲಿ ಒಂದು ಚುಕ್ಕೆ. ಮೈಸೂರು ಹೆಣ್ಣುಗಳ ತಟ್ಟೆಯಲ್ಲಿ ಮೈಸೂರು ಗಂಡು ಉಳಿದುಬಿಟ್ಟರೆ ಬೆಳಗಿನ ಜಾವ ಹೊರಬಂದ ಕೂಡಲೇ ಅವು ಕೂಡಿಕೊಳ್ಳುತ್ತವೆ. ಆ ಮೊಟ್ಟೆ ನೋಡಲು ಸಿಬಿ ಮೊಟ್ಟೆಯ ಹಾಗೇ. ಹುಳು ಬೆಳೆದಾಗಲೇ ಗೊತ್ತಾಗುವುದು.

ಕೆಂಪುಮಣ್ಣು:
ಹಾಗಾದರೆ ಶುದ್ಧ ಮೈಸೂರು ತಳಿ ಕೆಡದೆ ಉಳಿದಿರುವುದು ಹೇಗೆ? ಅದೂ ತನ್ನೊಳಗೇ ಕೂಡುತ್ತಿದೆಯಲ್ಲ.

ಕೋಠಿಮೇಜು:
ಕಾಯ್ದುಕೊಂಡಿರುವುದರಿಂದ. ಮೂಲ ಬಿತ್ತನೆಯನ್ನು ಪಿ4, ಪಿ3, ಪಿ2, ಪಿ1 ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತಾರೆ, ಪಿ1 ಗೂಡಿನ ಚಿಟ್ಟೆಯಿಂದ ಸಿಬಿ ಮೊಟ್ಟೆ. ಕುಣಿಗಲ್, ಮಾಗಡಿ ಕಡೆ ಇರುವುದು ಈ ಮೈಸೂರು ಬಿತ್ತನೆ ಗೂಡಿನ ಪ್ರದೇಶ. ಮೇಲಿನ ಮೆಟ್ಟಿಲುಗಳಲ್ಲಿ ಒಬ್ಬೊಬ್ಬ ತಾಯಿಯ ಮೊಟ್ಟೆಯನ್ನು ಪ್ರತ್ಯೇಕ ತಟ್ಟೆಯಲ್ಲಿ ಸಾಕಿ, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಕೂಡಿಸದೆ, ಬೇರೆ ಬೇರೆ ತಟ್ಟೆಯವನ್ನು ಜೋಡಿಸುತ್ತಾರೆ.

ಮನುಷ್ಯರಲ್ಲೂ ಇದೇ ಲೆಕ್ಕ. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಹುಟ್ಟುವ ಮಗುವಿಗೆ ಒಂದು ಜೀನಿನ ಎರಡೂ ಪ್ರತಿ ಒಬ್ಬನೇ ಪೂರ್ವಜನಿಂದ ಬರುವ ಸಂಭವ 8ರಲ್ಲಿ 1. ಅತ್ತೆ ಅಥವಾ ಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1. ಚಿಟ್ಟೆಯ ಅಣ್ಣತಂಗಿಗೆ 4ರಲ್ಲಿ 1. ಮುಚ್ಚಿಕೊಂಡಿದ್ದ ದೋಷ ಹೊರಬೀಳುವುದು ಆಗಲೇ.

ಹೊಸಚಾಕಿ:
ಗಂಟು ರೋಗವೂ ತಾಯಿಯಿಂದ ಮೊಟ್ಟೆಗೆ ಬರುತ್ತದಲ್ಲ, ಅದೂ ಅನುವಂಶೀಯವೇ?

ಜೀವಶಾಸ್ತ್ರಮೇಷ್ಟ್ರು:
ಅಲ್ಲ. ತಾಯಿಯಿಂದ ಬಂದದ್ದೆಲ್ಲ ಅನುವಂಶೀಯವಲ್ಲ. ಗಂಟು ರೋಗ ನೊಸಿಮಾ ಎಂಬ ಸೂಕ್ಷ್ಮಜೀವಿಯ ಸೋಂಕು, ಮೊಟ್ಟೆಯೊಳಗೇ ಸೇರಿಕೊಂಡು ಬರುತ್ತದೆ. ವರ್ಣತಂತುವಿಗೂ ಅದಕ್ಕೂ ಸಂಬಂಧವಿಲ್ಲ. ಮೆಂಡಲ್ ಲೆಕ್ಕ ಇದಕ್ಕೆ ಸಲ್ಲದು. ಅಂಥ ತಾಯಿಯ ಮೊಟ್ಟೆಯಲ್ಲಿ ಸೋಂಕು ತಗುಲಿದ ಮರಿ ಒಂದೇ ಇದ್ದರೂ ಹಿಕ್ಕೆಯಿಂದ ಇಡೀ ಹಾಸಿಗೆಗೆ ಹರಡುತ್ತದೆ. ಪಾಸ್ಚರ್ 1865ರಿಂದ ದಕ್ಷಿಣ ಫ್ರಾನ್ಸಿನಲ್ಲಿ ಕೂತು ಬಿಡಿಸಿದ್ದು ಇದನ್ನೇ. ಮೊಟ್ಟೆ ಇಟ್ಟ ತಾಯಿಯನ್ನು ಶೇಕಡಾ 0.6ರ ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅರೆದು, ಒಂದು ಹನಿಯನ್ನು 600 ಪಟ್ಟು ದೊಡ್ಡದಾಗಿಸಿ ನೋಡಬೇಕು. ಹೊಳೆಯುವ ಅಂಡಾಕಾರದ ಬೀಜಕಣ ಕಂಡರೆ ಹಾಳೆ ಸುಡಬೇಕು. ಮನೆಯಲ್ಲಿ ಸಿಬಿ ಮೊಟ್ಟೆ ಇಡಿಸುವವರು ತಳಿಯ ನಷ್ಟವನ್ನೇ ಯೋಚಿಸುತ್ತಾರೆ, ಈ ಪರೀಕ್ಷೆ ತಪ್ಪುವುದು ಅದಕ್ಕಿಂತ ದೊಡ್ಡ ಅಪಾಯ. ಪರವಾನಗಿ ಇಲ್ಲದೆ ಬಿತ್ತನೆ ಮೊಟ್ಟೆ ತಯಾರಿಸಬಾರದೆಂದು ರಾಜ್ಯದಲ್ಲಿ 1959ರಿಂದ ಕಾಯ್ದೆ ಇರುವುದೂ ಸುಮ್ಮನೆ ಅಲ್ಲ.

ಪ್ರಯೋಗಶಾಲೆ_ಬಿಎಸ್ಸಿ:
ಈ 28 ಜೊತೆಯನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಲು ಆಗುತ್ತದೆಯೇ ಮೇಷ್ಟ್ರೇ?

ಜೀವಶಾಸ್ತ್ರಮೇಷ್ಟ್ರು:
ಆಗುತ್ತದೆ, ಆದರೆ ತೀರ ಸಣ್ಣವು, ಬೇರೆ ಜೀವಿಗಳ ತಂತುವಿನಲ್ಲಿ ಕಾಣುವ ನಡುಸೊಂಟವೂ (ಸೆಂಟ್ರೋಮಿಯರ್) ಇಲ್ಲ. ಚುಕ್ಕೆಗಳ ಹಾಗೆ ಕಾಣುತ್ತವೆ. ಐದನೇ ಹಂತದ ಮೊದಲ ದಿನಗಳ ಗಂಡು ಹುಳು ತೆಗೆದುಕೊಳ್ಳಿ. ವೃಷಣಗಳು ಹೊಟ್ಟೆಯ ಐದನೇ ಖಂಡದಲ್ಲಿ, ಬೆನ್ನಿನ ಕಡೆ, ಮೂತ್ರಪಿಂಡದ ಆಕಾರದಲ್ಲಿವೆ. ಪೊಟ್ಯಾಸಿಯಂ ಕ್ಲೋರೈಡ್ 0.56 ಗ್ರಾಂ ಅನ್ನು 100 ಮಿಲಿ ನೀರಿಗೆ ಹಾಕಿ, ಅದರಲ್ಲಿ 20 ನಿಮಿಷ ಬಿಡಿ; ಜೀವಕೋಶ ಉಬ್ಬಿ ತಂತುಗಳು ಬಿಡಿಬಿಡಿಯಾಗುತ್ತವೆ. ಆಮೇಲೆ ಮೂರು ಪಾಲು ಮದ್ಯಸಾರಕ್ಕೆ ಒಂದು ಪಾಲು ಅಸಿಟಿಕ್ ಆಮ್ಲ, ಆಗಿಂದಾಗ್ಗೆ ಬೆರೆಸಿದ್ದು, ನಿನ್ನೆಯದು ಬೇಡ. ಶೇಕಡಾ 60ರ ಅಸಿಟಿಕ್ ಆಮ್ಲದಲ್ಲಿ ಚೂರುಮಾಡಿ ಗಾಜಿನ ಮೇಲೆ ಒಣಗಿಸಿ ಗೀಮ್ಸಾ ಬಣ್ಣ ಹಾಕಿ. ನೂರು ಪಟ್ಟಿನ ಎಣ್ಣೆ ಮಸೂರವೇ ಬೇಕು. ಜೊತೆಯಾಗಿ ಕೂತ ಹಂತ ಸಿಕ್ಕರೆ 28 ಎಣಿಸಬಹುದು. 26 ಅಥವಾ 27 ಬಂದರೆ ಹುಳದಲ್ಲಿ ದೋಷ ಹುಡುಕಬೇಡಿ, ಒಂದರ ಮೇಲೊಂದು ಕೂತಿರುತ್ತವೆ.

ರೇಷ್ಮೆ ಗ್ರಂಥಿಯಲ್ಲಿ ಎಣಿಸಲು ಹೋಗಬೇಡಿ. ಆ ಜೀವಕೋಶಗಳು ಎರಡಾಗಿ ಒಡೆಯದೆ ಡಿಎನ್‌ಎಯನ್ನು ಲಕ್ಷಗಟ್ಟಲೆ ಪ್ರತಿ ಮಾಡಿಕೊಳ್ಳುತ್ತವೆ. ಮೊದಲ ಸಲ ಮಾಡುವವರಿಗೆ ಈರುಳ್ಳಿ ಬೇರೇ ವಾಸಿ, 16 ದಪ್ಪ ತಂತುಗಳು.

ಸೊಪ್ಪಿನತೋಟ:
ಕೊನೆಗೊಂದು. ನಮ್ಮ ವಿ1 ಹಿಪ್ಪುನೇರಳೆಯೂ ಸಂಕರ ತಳಿ ಅನ್ನುತ್ತಾರೆ. ಅದರಿಂದ ಗಿಡ ಮಾಡಿ ಮಾಡಿ ಹಂಚಿದರೂ ಕೆಡಲಿಲ್ಲವಲ್ಲ?

ಕೆಂಪುಮಣ್ಣು:
ಕಡ್ಡಿ ನೆಟ್ಟಿದ್ದರಿಂದ ಅಣ್ಣ. ಕಡ್ಡಿಯಲ್ಲಿ ಜೊತೆ ಬಿಡಿಸುವ ಕೆಲಸವೇ ನಡೆಯುವುದಿಲ್ಲ. ಕೋಶ ಒಡೆಯುವಾಗ ಪ್ರತಿ ತಂತುವಿನ ನಕಲೂ ಎರಡೂ ಕಡೆ ಹೋಗುತ್ತದೆ. ನಿಮ್ಮ ತೋಟದ ವಿ1 ಗಿಡದಲ್ಲಿ ಇರುವ 28 ತಂತುಗಳೇ ಮೊದಲ ವಿ1 ಗಿಡದಲ್ಲೂ ಇದ್ದವು, ಅದೇ ಜೋಡಣೆಯಲ್ಲಿ. ಅದೇ ಗಿಡದ ಹಣ್ಣು ಒಣಗಿಸಿ ಬೀಜ ಬಿತ್ತಿ ನೋಡಿ: ಒಂದು ಗಿಡದ ಎಲೆ ಅಗಲ, ಇನ್ನೊಂದರದು ಸೀಳು, ಮತ್ತೊಂದು ಗಿಡ್ಡ. ಕಡ್ಡಿಗೆ ಆರರಿಂದ ಎಂಟು ತಿಂಗಳ ರೆಂಬೆ, ಬೆರಳು ದಪ್ಪ, ಒಂದೊಂದರಲ್ಲಿ ಮೂರು ನಾಲ್ಕು ಕಣ್ಣು ಇರಲಿ. ತೀರ ಎಳೆಯ ತುದಿ ಕೊಳೆಯುತ್ತದೆ, ಬುಡದ ಬಲಿತದ್ದು ಬೇರು ಬಿಡಲು ತಡ ಮಾಡುತ್ತದೆ.